ಆರು ಮೂಲೆಯ ಪೀಠ ಮತ್ತು ಅತ್ತೆಯವರ ಸೆರಗು

ನಮಗೆ ಒಳ್ಳೆಯದು ಮಾಡಿದವರಿಗೆ ಕೃತಜ್ಞತೆ ಹೇಳುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಮದುವೆ ಮನೆಯ ಸಾರು ಚೆನ್ನಾಗಿದ್ದರೆ ಅಡಿಗೆಯವರನ್ನು ಕರೆದು ಎರಡು ಒಳ್ಳೆಯ ಮಾತು ಹೇಳುತ್ತೇವೆ. ರೈಲಿನಲ್ಲಿ ಕೊಂಚ ಸರಿದು ಜಾಗ ಕೊಟ್ಟವರಿಗೆ ಒಂದು ನಗೆ ಬೀರುತ್ತೇವೆ. ಆದರೆ ಮಾಡಬೇಕಾದ ಕೆಲಸವನ್ನು ಮಾಡದೆ ಬಿಟ್ಟು, ಅದರಿಂದಲೇ ನಮ್ಮ ಮಾನ ಉಳಿಸಿದವರು ಇರುತ್ತಾರಲ್ಲ, ಅವರಿಗೆ ಏನು ಹೇಳುವುದು? ಎಲ್ಲಿ ಹುಡುಕಿಕೊಂಡು ಹೋಗಿ ಹೇಳುವುದು? ಅಂಥ ಒಬ್ಬ ಬಡಗಿ ನನ್ನ ಪಾಲಿಗೆ ಇದ್ದಾನೆ. ಅವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಸೋಮಾರಿಯೋ ಆತುರಗಾರನೋ ಅದೂ ಗೊತ್ತಿಲ್ಲ. ಪ್ರತಿ ವರ್ಷ ನವರಾತ್ರಿ ಬಂದಾಗ ಮಾತ್ರ ಅವನನ್ನು ನೆನೆದು ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಅವನು ಎಂದೋ ಒಂದು ದಿನ ಒಂದು ಹಲಗೆಯನ್ನು ಹೊಡೆಯದೆ ಮನೆಗೆ ಹೋಗಿಬಿಟ್ಟ. ಅದೇ ಅವನು ನನಗೆ ಮಾಡಿದ ಉಪಕಾರ.

ಅದನ್ನು ಹೇಳುವ ಮೊದಲು ನನ್ನ ಬಗ್ಗೆ ನಾಲ್ಕು ಮಾತು ಹೇಳಬೇಕು. ನಾನು ಮೈಸೂರು ಕಡೆಯವನು. ಆಗ, ಅಂದರೆ ತೊಂಬತ್ತರ ದಶಕದ ಕೊನೆಯಲ್ಲಿ, ಚೆನ್ನೈಗೆ ವರ್ಗವಾಗಿ ಬಂದು ಹತ್ತು ವರ್ಷದ ಮೇಲಾಗಿತ್ತು. ಕೆಲಸ ನುಂಗಂಬಾಕ್ಕಂನ ಒಂದು ವಿಮಾ ಕಚೇರಿಯಲ್ಲಿ, ಮನೆ ಪಲ್ಲಾವರಂನಲ್ಲಿ. ಬಿ.ಎಸ್ಸಿ.ಯಲ್ಲಿ ಗಣಿತ ಓದಿದ್ದೇನೆ. ಇಷ್ಟಕ್ಕೆ ನಿಲ್ಲಿಸಿದ್ದರೆ ತೊಂದರೆ ಇರಲಿಲ್ಲ; ಓದಿದ್ದೇನೆ ಎಂದು ಮನೆಯಲ್ಲಿ ಹೇಳಿಕೊಂಡಿದ್ದೇನೆ. ಹೀಗಾಗಿ ಹಾಲಿನ ಪುಡಿಯಿಂದ ಹಿಡಿದು ಪರದೆ ಬಟ್ಟೆಯವರೆಗೆ ಎಷ್ಟು ಬೇಕೆಂದು ಹೇಳುವ ಹಕ್ಕು ನನ್ನದೇ ಎಂದು ಭಾವಿಸಿದ್ದೆ. ಮನೆಗೆ ಬಣ್ಣ ಬಳಿಸಿದ ಕಥೆಯನ್ನು ನನ್ನ ಹೆಂಡತಿ ವತ್ಸಲಾ ಬಂದವರಿಗೆಲ್ಲ ಹೇಳುತ್ತಾಳೆ, ನಾನೇ ಹೇಳಿಬಿಡುವುದು ಮೇಲು. ಗೋಡೆಗಳ ಉದ್ದ, ಎತ್ತರ ಎಲ್ಲ ಅಳೆದು, ಗುಣಿಸಿ, ಇಷ್ಟು ಡಬ್ಬ ತಿಳಿನೀಲಿ ಬಣ್ಣ ಬೇಕು ಎಂದು ತರಿಸಿದೆ. ಗೋಡೆಗಳಲ್ಲಿ ಕಿಟಕಿ, ಬಾಗಿಲು ಎಂಬ ವಸ್ತುಗಳಿರುತ್ತವೆ ಎಂಬುದು ಮರೆತಿತ್ತು. ಉಳಿದ ಬಣ್ಣವನ್ನು ಎಸೆಯಲು ಮನಸ್ಸು ಬರದೆ ಕಿಟಕಿಯ ಸರಳು, ಅಡಿಗೆಮನೆಯ ಮಣೆ, ಸೈಕಲ್ಲು, ಕೊನೆಗೆ ತುಳಸಿ ಕುಂಡಕ್ಕೂ ಬಳಿದೆವು. ನಮ್ಮ ಮನೆಯಲ್ಲಿ ಇವತ್ತಿಗೂ ಹಳೆಯ ಸಾಮಾನು ಯಾವುದೆಂದು ಬಣ್ಣದಿಂದಲೇ ಹೇಳಬಹುದು.

ಆ ವರ್ಷ ನವರಾತ್ರಿಗೆ ಮುಂಚೆ ನಮ್ಮ ಅತ್ತೆಯವರು ಮೈಸೂರಿನಿಂದ ಬಂದರು. ಬರುವಾಗ ತೊಡೆಯ ಮೇಲೆ ಒಂದು ಗಂಟು ಇಟ್ಟುಕೊಂಡು, ರೈಲಿನಲ್ಲಿ ಯಾರ ಕೈಗೂ ಕೊಡದೆ, ಹಾಗೇ ಕೂತು ಬಂದಿದ್ದರು. ಗಂಟಿನಲ್ಲಿದ್ದದ್ದು ಅವರ ಮನೆಯ ಪಟ್ಟದ ಗೊಂಬೆಗಳು, ರಕ್ತಚಂದನದ ರಾಜ, ರಾಣಿ. ಅವರ ತಾಯಿ ಅವರಿಗೆ ಕೊಟ್ಟದ್ದನ್ನು ಅವರು ಈಗ ಮಗಳಿಗೆ ಒಪ್ಪಿಸುವುದಕ್ಕೆ ಬಂದಿದ್ದರು. ಅವರ ಮನೆತನದಲ್ಲಿ ಇದಕ್ಕೊಂದು ಪದ್ಧತಿ. ಗೊಂಬೆಗಳು ಮಗಳ ಮನೆಗೆ ಹೋದ ಮೊದಲ ವರ್ಷ, ಕೊಟ್ಟ ತಾಯಿಯ ಧಾರೆ ಸೀರೆಯನ್ನು ಹೊದಿಸಿದ ಪೀಠದ ಮೇಲೆ ಕೂರಬೇಕು. ಬೇರೆ ಬಟ್ಟೆ ಆಗದು. ಗಂಟಿನ ಅಡಿಯಲ್ಲಿ ಮಡಿಸಿಟ್ಟಿದ್ದ ಆ ಸೀರೆಯನ್ನು ಅತ್ತೆಯವರು ಬಿಡಿಸಿದರು. ಕುಂಕುಮದ ಬಣ್ಣ, ಹಸಿರು ಅಂಚು, ಸೆರಗಿನ ತುಂಬ ಜರಿಯ ಮಾವಿನಕಾಯಿಗಳು. ಒಡಲು ಮಡಿಕೆ ಮಡಿಕೆಗೂ ಸೀಳಿಹೋಗಿತ್ತು. ಸೆರಗಿಗೆ ತಾಗಿದಂತೆ ಒಂದು ನಾಲ್ಕಡಿ ಉದ್ದ ಮಾತ್ರ ಗಟ್ಟಿಯಾಗಿತ್ತು. ಸೆರಗಂತೂ ನಿನ್ನೆ ಅಂಗಡಿಯಿಂದ ತಂದ ಹಾಗಿತ್ತು.

"ಈ ನಾಲ್ಕಡಿ ಪೀಠಕ್ಕೆ ತಗೊಳ್ಳಿ ಅಳಿಯಂದ್ರೇ. ಸೆರಗು ಮಾತ್ರ ಮುಟ್ಬೇಡಿ. ಅದು ರಶ್ಮಿಗೆ. ನಾಳೆ ಅವಳ ಮದುವೇಲಿ ಮೈಮೇಲೆ ನಂದೂ ಅಂತ ಒಂದು ಚೂರು ಇರ್ಲಿ" ಎಂದರು ಅತ್ತೆಯವರು.

ರಶ್ಮಿ ನಮ್ಮ ಮಗಳು, ಆಗ ಒಂಬತ್ತನೆಯ ತರಗತಿ. ಅಜ್ಜಿ ಕನ್ನಡದಲ್ಲಿ ಮಾತಾಡುವುದು, ಮೊಮ್ಮಗಳು ತಮಿಳಿನಲ್ಲಿ ಉತ್ತರ ಕೊಡುವುದು, ಇಬ್ಬರೂ ಗಂಟೆಗಟ್ಟಲೆ ಹರಟುವುದು, ಇದು ಎರಡು ದಿನದಲ್ಲೇ ನಮ್ಮ ಮನೆಯಲ್ಲಿ ರೂಢಿಯಾಗಿಹೋಯಿತು. ನಾನು ನಡುವೆ ಬಾಯಿ ಹಾಕಿ ಅನುವಾದ ಮಾಡಲು ಹೋದರೆ ಇಬ್ಬರೂ ಒಟ್ಟಿಗೆ ನನ್ನನ್ನು ಸುಮ್ಮನಿರಿಸುತ್ತಿದ್ದರು. ಅಜ್ಜಿ ಸೆರಗನ್ನು ಅವಳ ಹೆಗಲ ಮೇಲೆ ಹೊದಿಸಿದಾಗ ಹುಡುಗಿ ಕನ್ನಡಿಯ ಮುಂದೆ ಹೋಗಿ ನಿಂತವಳು ಊಟಕ್ಕೆ ಕರೆದರೂ ಬರಲಿಲ್ಲ.

ಪೀಠವಂತೂ ಮನೆಯಲ್ಲೇ ಇತ್ತು. ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಹಳೆಯ ಸಾಮಾನು ಮಾರುವವರ ಹತ್ತಿರ ವತ್ಸಲಾ ಅದನ್ನು ಕೊಂಡಿದ್ದಳು. ಆರು ಮೂಲೆಯ ಮರದ ಪೀಠ, ಯಾವುದೋ ಬಟ್ಟೆ ಅಂಗಡಿಯಲ್ಲಿ ಬೊಂಬೆಗೆ ಸೀರೆ ಉಡಿಸಿ ನಿಲ್ಲಿಸುತ್ತಿದ್ದದ್ದಿರಬೇಕು. ಅವಳೂ ಆಟೋದವನೂ ಸೇರಿ ಮೆಟ್ಟಿಲು ಹತ್ತಿಸಿದರು. ನನಗೆ ಸೊಂಟ ನೋವಿದ್ದದ್ದರಿಂದ ನಾನು ಮೇಲೆ ನಿಂತು ಎಡಕ್ಕೆ, ಬಲಕ್ಕೆ ಎಂದು ಹೇಳುವ ಕೆಲಸ ವಹಿಸಿಕೊಂಡಿದ್ದೆ. ಅಂದಿನಿಂದ ಅದು ಹಾಲ್‌ನ ಮೂಲೆಯಲ್ಲಿ ಟೆಲಿಫೋನನ್ನು ಹೊತ್ತುಕೊಂಡು ನಿಂತಿತ್ತು.

ಇದೇ ಸಮಯಕ್ಕೆ ರಶ್ಮಿಯ ಗಣಿತದ ಪರೀಕ್ಷೆಯ ಉತ್ತರಪತ್ರಿಕೆ ನನ್ನ ಸಹಿಗಾಗಿ ಬಂತು. ನಿಯತ ಬಹುಭುಜ ಪಾದದ ಪಟ್ಟಕಗಳ ಪಾಠ. ನಾನು ಪಟ್ಟಕ ಎಂದಾಗ ಅವಳಿಗೆ ಅರ್ಥವಾಗಲಿಲ್ಲ, ಪ್ರಿಸಂ ಎಂದಾಗ ಆಯಿತು. ಷಡ್ಭುಜಾಕಾರದ ಒಂದು ತೊಟ್ಟಿಯ ಪೂರ್ಣ ಮೇಲ್ಮೈ ವಿಸ್ತೀರ್ಣ ಕಂಡುಹಿಡಿಯಿರಿ ಎಂದು ಕೇಳಿದ್ದರು. ಹುಡುಗಿ ಪಾದದ ಸುತ್ತಳತೆಯನ್ನು ಎತ್ತರದಿಂದ ಗುಣಿಸಿ ಪಕ್ಕದ ಗೋಡೆಗಳನ್ನು ಸರಿಯಾಗಿಯೇ ತೆಗೆದಿದ್ದಳು. ಷಡ್ಭುಜವನ್ನು ಆರು ತ್ರಿಭುಜಗಳಾಗಿ ಒಡೆದು ಅದರ ವಿಸ್ತೀರ್ಣವನ್ನೂ ತೆಗೆದಿದ್ದಳು. ಆದರೆ ಎರಡು ಷಡ್ಭುಜ ಕೂಡಿಸುವ ಕಡೆ ಒಂದನ್ನೇ ಕೂಡಿಸಿದ್ದಳು. ಟೀಚರು ಅಲ್ಲಿ ಕೆಂಪು ಶಾಯಿಯಲ್ಲಿ ದೊಡ್ಡ ಸುತ್ತು ಹಾಕಿದ್ದರು.

"ತಳ ಎಲ್ಲಿ ಹೋಯ್ತು?" ಎಂದು ಕೇಳಿದೆ.

"ಅಪ್ಪಾ, ತೊಟ್ಟಿ ನೆಲದ ಮೇಲೆ ತಾನೇ ಇರುಕ್ಕು? ಅಡಿಲೆ ಯಾರ್ ಪಾಕ್ಕ ಪೋರಾಂಗ?" ಎಂದಳು. ನೆಲದ ಮೇಲಿಟ್ಟ ತೊಟ್ಟಿಯ ಅಡಿಯನ್ನು ಯಾರು ನೋಡುತ್ತಾರೆ ಎಂದು ಅವಳ ವಾದ.

ನನಗೆ ಇಂಥ ಅವಕಾಶ ಸಿಕ್ಕುವುದೇ ಅಪರೂಪ. ಕುರ್ಚಿ ಎಳೆದುಕೊಂಡು ಕೂತು ಉಪನ್ಯಾಸ ಕೊಟ್ಟೆ. ಯಾರು ನೋಡಲಿ ಬಿಡಲಿ, ಪಟ್ಟಕ ಎಂದಮೇಲೆ ಅದಕ್ಕೆ ಎರಡು ಪಾದ. ಮೇಲೊಂದು, ಕೆಳಗೊಂದು. ಪೂರ್ಣ ಎಂದರೆ ಎರಡೂ. ಕಣ್ಣಿಗೆ ಕಾಣದ್ದನ್ನು ಮರೆಯುವವರು ಜೀವನದಲ್ಲಿ ಮುಂದೆ ಬರುವುದಿಲ್ಲ. ಹಂತ ಹಂತವಾಗಿ ಬರೆಯಬೇಕು, ಪ್ರತಿ ಹಂತವೂ ನೋಡಿದವರಿಗೆ ತಿಳಿಯಬೇಕು. ಹೈಸ್ಕೂಲಿನಲ್ಲಿ ನಮ್ಮ ಗಣಿತದ ಮೇಷ್ಟರು ಡಸ್ಟರಿನಿಂದ ಬೋರ್ಡು ಕುಟ್ಟಿ ಹೇಳುತ್ತಿದ್ದದ್ದನ್ನೆಲ್ಲ ನಾನು ಡೈನಿಂಗ್ ಟೇಬಲ್ ಕುಟ್ಟಿ ಹೇಳಿದೆ. ಅತ್ತೆಯವರು ಹೂ ಕಟ್ಟುವುದನ್ನು ನಿಲ್ಲಿಸಿ ಭಕ್ತಿಯಿಂದ ಕೇಳಿದರು. "ಹೇಗಿದ್ದರೂ ನಮ್ಮ ಪೀಠವೂ ಷಡ್ಭುಜ ಪಟ್ಟಕವೇ. ಎಷ್ಟು ಬಟ್ಟೆ ಬೇಕೆಂದು ನಾನು ಲೆಕ್ಕ ಹಾಕಿ ತೋರಿಸುತ್ತೇನೆ, ನೋಡಿ ಕಲಿ" ಎಂದು ಉಪನ್ಯಾಸವನ್ನು ಮುಗಿಸಿದೆ. ಬಾಯಿ ಮುಚ್ಚಿಕೊಂಡು ಸಹಿ ಹಾಕಿ ಕೊಟ್ಟಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ಟೇಪು ಹಿಡಿದು ಅಳೆದೆ. ಒಂದು ಬದಿ ಒಂದಡಿ, ಎತ್ತರ ಒಂದೂವರೆ ಅಡಿ. ಮಾರನೆಯ ಬೆಳಿಗ್ಗೆ ಕಚೇರಿಗೆ ಹೋಗುವ ಲೋಕಲ್ ರೈಲಿನಲ್ಲಿ ಕಂಬಕ್ಕೆ ಒರಗಿ ನಿಂತು ಬಾಯಲ್ಲೇ ಲೆಕ್ಕ ಹಾಕಿದೆ. ಪಕ್ಕದ ಗೋಡೆಗಳಿಗೆ ಒಂಬತ್ತು ಚದರಡಿ. ಎರಡು ಪಾದ ಸೇರಿ ಐದಕ್ಕೆ ಸ್ವಲ್ಪ ಮೇಲೆ. ಒಟ್ಟು ಹದಿನಾಲ್ಕೂ ಕಾಲಿಗೆ ಚೂರು ಕಡಿಮೆ. ಸೀರೆಯ ಅಗಲ ನಾಲ್ಕಡಿ, ಗಟ್ಟಿ ಬಟ್ಟೆಯ ಉದ್ದ ನಾಲ್ಕಡಿ, ಅಲ್ಲಿಗೆ ಹದಿನಾರು ಚದರಡಿ. ಬಟ್ಟೆ ಸಾಕಾಗಿ ಮಿಗುತ್ತದೆ! ಸಂತೋಷದಲ್ಲಿ ಇಳಿಯಬೇಕಾದ ಸ್ಟೇಷನ್ನನ್ನು ಬಿಟ್ಟು ಮುಂದೆ ಹೋದೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ "ಹದಿನಾಲ್ಕೂ ಕಾಲು! ಸಾಕು!" ಎಂದು ಘೋಷಿಸಿದೆ. ಯಾವುದಕ್ಕೆ ಎಷ್ಟು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಂತಗಳನ್ನು ತೋರಿಸಬೇಕಾದವರು ಮಕ್ಕಳು. ದೊಡ್ಡವರು ಉತ್ತರ ಹೇಳಿದರೆ ಸಾಕು ಎಂಬುದು ನನ್ನ ಅಂದಿನ ನಂಬಿಕೆ.

ಭಾನುವಾರ ಕೋಣೆಯ ಬಾಗಿಲು ಹಾಕಿಕೊಂಡು, ನಾಲ್ಕಡಿಗೆ ನಾಲ್ಕಡಿ ವೃತ್ತಪತ್ರಿಕೆ ಅಂಟಿಸಿ, ಅದರ ಮೇಲೆ ತುಂಡುಗಳ ಗೆರೆ ಎಳೆಯಲು ಕೂತೆ. ಪಕ್ಕದ ಗೋಡೆಗಳ ಪಟ್ಟಿಗಳು ಕೂತವು. ಒಂದು ಷಡ್ಭುಜವೂ ಕೂತಿತು. ಎರಡನೆಯದು ಕೂರಲೊಲ್ಲದು. ಈ ಕಡೆ ಇಟ್ಟರೆ ಒಂದು ಮೂಲೆ ಹೊರಗೆ, ಆ ಕಡೆ ಇಟ್ಟರೆ ಎರಡು ಮೂಲೆ ಹೊರಗೆ. ಮಿಕ್ಕ ಬಟ್ಟೆ ಬೇಕಾದಷ್ಟಿದೆ, ಆದರೆ ಅಲ್ಲೊಂದು ಉದ್ದ ಚೂರು, ಇಲ್ಲೊಂದು ಸಣ್ಣ ಚೂರು. ವಿಸ್ತೀರ್ಣ ಸಾಕು, ಬಟ್ಟೆ ಸಾಲದು. ಇಂಥ ಪರಿಸ್ಥಿತಿ ಬರಬಹುದೆಂದು ಬಿ.ಎಸ್ಸಿ.ಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಮಧ್ಯಾಹ್ನದ ಊಟ ಆರಿಹೋಗುವವರೆಗೂ ಕಾಗದ ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಹೊರಗೆ ಬಂದು ಗಂಟಲು ಸರಿಮಾಡಿಕೊಂಡೆ.

"ಸ್ವಲ್ಪ ತೇಪೆ ಹಾಕಬೇಕಾಗಬಹುದು" ಎಂದೆ.

"ಪಟ್ಟದ ಗೊಂಬೆ ಕೂರೋ ಪೀಠಕ್ಕೆ ತೇಪೆನಾ!" ಎಂದು ಅತ್ತೆಯವರೂ ವತ್ಸಲಾಳೂ ಒಂದೇ ಉಸಿರಿನಲ್ಲಿ ಕೂಗಿದರು.

"ಹಾಗಾದರೆ ಸೆರಗಿನ ಕಡೆಯಿಂದ ಒಂದೆರಡಡಿ ಬೇಕಾಗುತ್ತೆ."

"ಎರಡಡಿ ತೆಗೆದ್ರೆ ಸೆರಗಲ್ಲಿ ಉಳಿಯೋದೇನ್ರೀ?" ಎಂದಳು ವತ್ಸಲಾ. "ಸಾಕು ಸಾಕು ಅಂತ ಬಾಗಿಲಲ್ಲೇ ಕೂಗಿದ್ರಲ್ಲ? ಸಾಲದೇ ಇರೋದಕ್ಕೆ ಸೌಕಾರ್‌ಪೇಟೆಗೆ ಹೋಗಿ ಇದೇ ಬಣ್ಣದ ಬಟ್ಟೆ ತರ್ತೀನಿ. ಹೇಗೂ ಮೂಲೆಗೆ ಹಚ್ಚೋ ಜರಿ ಲೇಸು ತರೋಕೆ ಹೋಗ್ಬೇಕು."

ಅತ್ತೆಯವರು ತಲೆಯಾಡಿಸಿದರು. "ಬೇಡಮ್ಮ. ಅರ್ಧ ಅದು ಅರ್ಧ ಇದು ಆಗೋದು ಬೇಡ."

ಆಮೇಲೆ ಅವರು ಎದ್ದು ಹೋಗಿ ಬಾಲ್ಕನಿಯಲ್ಲಿ ಕೂತರು. ಸೆರಗು ಮಡಿಲಲ್ಲಿತ್ತು. ಜರಿಯ ಮಾವಿನಕಾಯಿಗಳ ಮೇಲೆ ಒಂದೊಂದಾಗಿ ಕೈಯಾಡಿಸುತ್ತಿದ್ದರು. ವಿಮಾನ ನಿಲ್ದಾಣ ಹತ್ತಿರವಾದ್ದರಿಂದ ನಮ್ಮ ಬಾಲ್ಕನಿಯ ಮೇಲೆ ವಿಮಾನಗಳು ತಗ್ಗಿನಲ್ಲಿ ಹಾರುತ್ತಿರುತ್ತವೆ. ಬಂದ ದಿನದಿಂದ ಪ್ರತಿ ವಿಮಾನಕ್ಕೂ ಕತ್ತೆತ್ತಿ ನೋಡುತ್ತಿದ್ದವರು ಅವತ್ತು ಒಂದಕ್ಕೂ ಕತ್ತೆತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು, "ಈ ಸೀರೇನ ನಿಮ್ಮ ಮಾವನೋರು ಯಾರನ್ನೂ ಕೇಳ್ದೆ ಅವರೇ ಆರಿಸಿದ್ದು. ಗಂಡಸರಿಗೆ ಸೀರೆ ಆರಿಸೋಕೆ ಬರಲ್ಲ ಅಂತ ಎಲ್ಲ ನಕ್ಕಿದ್ರು. ಸೆರಗು ನೋಡಿದ್ಮೇಲೆ ಯಾರೂ ನಗ್ಲಿಲ್ಲ" ಎಂದರು. ಸೆರಗನ್ನು ಮಡಿಸುತ್ತ, "ಕತ್ತರಿಸಿ ಅಳಿಯಂದ್ರೇ. ದೇವರಂಥ ಗೊಂಬೆಗೆ ತಾನೇ ಹೋಗೋದು. ಮಗೂಗೆ ನನ್ನ ಆಶೀರ್ವಾದ ಇದ್ದೇ ಇರತ್ತೆ. ನೀವು ಲೆಕ್ಕ ಹಾಕಿ ಹೇಳ್ತಿದೀರಿ ಅಂದ್ಮೇಲೆ ಅದರಲ್ಲಿ ತಪ್ಪಿರಲ್ಲ" ಎಂದರು.

ಆ ಕೊನೆಯ ಮಾತು ನನಗೆ ಚುಚ್ಚಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ರಾತ್ರಿ ಊಟದಲ್ಲಿ ರಶ್ಮಿ ಅಜ್ಜಿಯ ಪಕ್ಕ ಒತ್ತಿಕೊಂಡು ಕೂತು, "ಪರವಾಇಲ್ಲ ಪಾಟಿ" ಎಂದಳು. ಕನ್ನಡವೂ ಅಲ್ಲದ, ಪೂರ್ತಿ ತಮಿಳೂ ಅಲ್ಲದ ಆ ಸಮಾಧಾನಕ್ಕೆ ಅಜ್ಜಿ ಅವಳ ತಲೆ ಸವರಿದರು.

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ ಬಟ್ಟೆ ಕತ್ತರಿಸಲು ಕೂತೆವು. ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಾಗದದ ತುಂಡುಗಳನ್ನು ಕತ್ತರಿಸಿಕೊಳ್ಳುವುದು ಎಂದು ತೀರ್ಮಾನವಾಗಿತ್ತು. ಆ ಕೆಲಸ ರಶ್ಮಿಯದು. ನಾನು ಎಳೆದ ಗೆರೆಗಳ ಮೇಲೆ ಅವಳು ನೀಟಾಗಿ ಕತ್ತರಿಸುತ್ತ ಹೋದಳು, ವತ್ಸಲಾ ಟೆಲಿಫೋನನ್ನು ಕೆಳಗಿಳಿಸಿ ಪೀಠದ ಧೂಳು ಒರೆಸಿದಳು. ಅತ್ತೆಯವರು ಸೆರಗನ್ನು ಚಾಪೆಯ ಮೇಲೆ ಹಾಸಿ, ಎರಡಡಿಯ ಗುರುತಿಗೆ ತಾವೇ ಅರಿಶಿನದ ಕೊಂಬಿನಿಂದ ಗೆರೆ ಎಳೆದರು. ಗೆರೆ ಮಾವಿನಕಾಯಿಗಳ ನಡುವೆಯೇ ಹಾದುಹೋಯಿತು. ನಾನು ಕತ್ತರಿ ಕೈಗೆ ತೆಗೆದುಕೊಂಡೆ.

ರಶ್ಮಿ ಕಾಗದದ ತುಂಡುಗಳನ್ನು ಪೀಠಕ್ಕೆ ಹಿಡಿದು ನೋಡುತ್ತಿದ್ದಳು. ಪಕ್ಕದ ಪಟ್ಟಿಗಳು ಸರಿಯಾಗಿ ಕೂತವು. ಒಂದು ಷಡ್ಭುಜವನ್ನು ಮೇಲಿಟ್ಟಳು, ಅದೂ ಸರಿ. ಕೈಯಲ್ಲಿ ಇನ್ನೊಂದು ಉಳಿಯಿತು.

"ಅಪ್ಪಾ, ಇದು ಎಂಗೆ?" ಎಂದಳು. ಇದು ಎಲ್ಲಿಗೆ ಎಂದು.

"ತಳಕ್ಕೆ. ಇಷ್ಟೆಲ್ಲ ಹೇಳಿಕೊಟ್ಟ ಮೇಲೂ ತಳ ಮರೆತೆಯಾ?" ಎಂದೆ, ಕತ್ತರಿ ತೆರೆಯುತ್ತ.

ವತ್ಸಲಾಳ ಕೈಯಲ್ಲಿದ್ದ ಧೂಳಿನ ಬಟ್ಟೆ ನಿಂತಿತು. "ಯಾವ ತಳ?" ಎಂದಳು.

ರಶ್ಮಿ ಪೀಠವನ್ನು ಎರಡು ಕೈಯಲ್ಲಿ ಹಿಡಿದು ಪಕ್ಕಕ್ಕೆ ಉರುಳಿಸಿದಳು. ಒಳಗೆ ಖಾಲಿ. ಒಂದು ಜೇಡರ ಬಲೆ, ಹಳೆಯ ಅಂಗಡಿಯ ಒಂದು ಸೇಫ್ಟಿ ಪಿನ್ನು, ಆಚೆ ಕಡೆ ಮೇಲಿನ ಹಲಗೆಯ ಒಳಮೈ. ತಳ ಎನ್ನುವ ಹಲಗೆಯನ್ನು ಯಾರೂ ಹೊಡೆದೇ ಇರಲಿಲ್ಲ.

"ಅಡಿಯೇ ಇಲ್ಲೈಯೇಪ್ಪಾ!" ಎಂದಳು ನನ್ನ ಮಗಳು.

ಮೊದಲು ನಕ್ಕವರು ಅತ್ತೆಯವರು. ಸೆರಗನ್ನು ಚಾಪೆಯಿಂದ ಬಾಚಿ ಎದೆಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನೀರಿನಲ್ಲಿ ನಗೆಯದೆಷ್ಟು, ಉಳಿದದ್ದೆಷ್ಟು ಎಂದು ಲೆಕ್ಕ ಹಾಕುವ ಧೈರ್ಯ ನನಗೆ ಬರಲಿಲ್ಲ. "ಅದು ಟೊಳ್ಳು ಅಂತ ನನಗೆ ಮೊದಲೇ ಗೊತ್ತಿತ್ತಲ್ರೀ, ಎತ್ತಿದೋಳು ನಾನೇ ತಾನೇ? ನೀವು ತಳಕ್ಕೂ ಬಟ್ಟೆ ಹಾಕಿದೀರಿ ಅಂತ ಒಂದು ಮಾತು ಬಾಯಿ ಬಿಟ್ಟಿದ್ರೆ ಆಗ್ತಿರ್ಲಿಲ್ವಾ?" ಎಂದಳು ವತ್ಸಲಾ. ನಾನು ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟೆ. ತಳವಿದ್ದಿದ್ದರೂ ಅದಕ್ಕೆ ಬಟ್ಟೆ ಹೊದಿಸಿ ಏನಾಗಬೇಕಿತ್ತು ಎಂಬ ವಿಚಾರ ನನಗೆ ಹೊಳೆದದ್ದು ಅದಾದ ಮೇಲೆ. ಅಡಿಯನ್ನು ಯಾರು ನೋಡುತ್ತಾರೆ ಎಂದು ಮಗಳು ಡೈನಿಂಗ್ ಟೇಬಲ್ಲಿನಲ್ಲೇ ಕೇಳಿದ್ದಳು. ಪರೀಕ್ಷೆಯಲ್ಲಿ ಯಾವುದಕ್ಕೆ ಅವಳ ಅಂಕ ಹೋಗಿತ್ತೋ ಅದೇ ನಮ್ಮ ಮನೆಯ ಸೆರಗನ್ನು ಉಳಿಸಿತು. ಟೀಚರು ಮಾಡಿದ್ದು ತಪ್ಪಲ್ಲ. ಅವರು ಕೇಳಿದ್ದು ಪೂರ್ಣ ವಿಸ್ತೀರ್ಣ. ನಮ್ಮ ಅತ್ತೆಯವರು ಕೇಳಿದ್ದು ಗೊಂಬೆ ಕೂರಿಸಲು ಒಂದಿಷ್ಟು ಬಟ್ಟೆ ಮಾತ್ರ. ಪ್ರಶ್ನೆ ಯಾವುದೆಂದು ನೋಡದೆ ಉತ್ತರ ಬರೆದವನು ನಾನು.

ನಾಲ್ಕಡಿ ಬಟ್ಟೆಯಲ್ಲೇ ಪೀಠ ಸಿದ್ಧವಾಯಿತು. ಅಂಚು ಮಡಿಸಲು ಬಟ್ಟೆ ಮಿಕ್ಕಿ, ರಾಜ ರಾಣಿಯರ ಬೆನ್ನಿಗೆ ಎರಡು ಪುಟ್ಟ ದಿಂಬೂ ಆದವು. ಹಬ್ಬದಲ್ಲಿ ಗೊಂಬೆ ನೋಡಲು ಮೊದಲು ಬಂದವರು ಕೆಳಗಿನ ಮನೆಯ ಸುಶೀಲಮ್ಮ. ಅವರದು ಎಷ್ಟೋ ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಕನ್ನಡದ ಕುಟುಂಬ. "ಅಯ್ಯೋ, ಪೀಠ ಎಷ್ಟು ಅಳಗಾಗಿದೆ ರೀ! ಒಂದು ಸುರುಕ್ಕ ಇಲ್ದೆ ಬಟ್ಟೆ ಒಟ್ಟಿದೀರಲ್ಲ, ಯಾರು ಮಾಡಿದ್ದು?" ಎಂದರು. ಚೆಂದವಾಗಿದೆ, ಒಂದು ಸುಕ್ಕೂ ಇಲ್ಲದೆ ಬಟ್ಟೆ ಅಂಟಿಸಿದ್ದೀರಿ ಎಂಬುದಕ್ಕೆ ಅವರ ಮದ್ರಾಸಿನ ಕನ್ನಡ ಅದು. ನಾನು ಪೇಪರಿನ ಹಿಂದೆ ಮುಖ ಮರೆಸಿಕೊಂಡೆ. ಅತ್ತೆಯವರು ಕಡಲೆ ಉಸುಲಿಯ ಬಟ್ಟಲನ್ನು ಅವರ ಕೈಗಿಡುತ್ತ, "ಎಲ್ಲ ನಮ್ಮ ಅಳಿಯಂದ್ರ ಲೆಕ್ಕ. ಅವರು ಅಷ್ಟೊಂದು ಲೆಕ್ಕ ಹಾಕ್ದೆ ಇದ್ದಿದ್ರೆ ನಮಗೆ ಬಟ್ಟೆ ಸಾಕು ಅಂತ ಗೊತ್ತೇ ಆಗ್ತಿರ್ಲಿಲ್ಲ" ಎಂದರು. ಈ ಮಾತು ಹೊಗಳಿಕೆಯೋ ಅಲ್ಲವೋ ಎಂದು ನಾನು ಇವತ್ತಿಗೂ ಯೋಚಿಸುತ್ತಿದ್ದೇನೆ. ಆದರೆ ಸುಶೀಲಮ್ಮನವರ ಎದುರಿಗೆ ನನ್ನನ್ನು ಬಿಟ್ಟುಕೊಡದೆ ಕಾಪಾಡಿದ ಆ ಹಿರಿಯ ಜೀವಕ್ಕೆ ಎಷ್ಟು ಕೃತಜ್ಞನಾಗಿದ್ದರೂ ಸಾಲದು.

ಇದೆಲ್ಲ ಆಗಿ ವರ್ಷಗಳಾದವು. ಹಬ್ಬ ಮುಗಿದಮೇಲೆ ಪೀಠವನ್ನು ತಲೆಕೆಳಗು ಮಾಡಿ ಅಟ್ಟಕ್ಕೆ ಏರಿಸುತ್ತೇವೆ. ಆಗ ಅದರ ಟೊಳ್ಳು ಒಳ್ಳೆಯ ಪೆಟ್ಟಿಗೆಯಾಗುತ್ತದೆ. ಹಳೆಯ ಪಂಚೆಯಲ್ಲಿ ಸುತ್ತಿದ ರಾಜ, ರಾಣಿ ಅದರೊಳಗೆ ಮಲಗುತ್ತಾರೆ. ಅವರ ಜೊತೆಯಲ್ಲೇ, ಬಿಳಿ ಮಲ್ಲು ಬಟ್ಟೆಯಲ್ಲಿ ಸುತ್ತಿದ ಸೆರಗೂ ಇರುತ್ತದೆ, ಇಡಿಯಾಗಿ. ತಳಕ್ಕೆ ಹಲಗೆಯಿದ್ದಿದ್ದರೆ ಇವನ್ನೆಲ್ಲ ಎಲ್ಲಿಡುತ್ತಿದ್ದೆವೋ! ರಶ್ಮಿ ಈಗ ಕಾಲೇಜು ಓದುತ್ತಿದ್ದಾಳೆ. ಮನೆಯಲ್ಲಿ ನಾನು ಯಾವುದೇ ವಿಷಯಕ್ಕೆ ಗಂಟಲು ಸರಿಮಾಡಿಕೊಂಡು ಒಂದು ಸಂಖ್ಯೆ ಹೇಳಿದರೂ ಸಾಕು, ಎಲ್ಲಿದ್ದರೂ ಅಲ್ಲಿಂದಲೇ "ಅಡಿ ಇರುಕ್ಕಾಪ್ಪಾ?" ಎಂದು ಕೇಳುತ್ತಾಳೆ. ತಳ ಇದೆಯೇ ಎಂದು. ಬೇಜಾರಿಲ್ಲ. ಹಾಗೆ ಕೇಳುವವರು ಮನೆಯಲ್ಲಿ ಒಬ್ಬರಿದ್ದಾರೆ ಎಂಬುದೇ ಒಂದು ನೆಮ್ಮದಿ.

ಪ್ರತಿ ವರ್ಷ ಪೀಠವನ್ನು ಅಟ್ಟದಿಂದ ಇಳಿಸುವವನು ಈಗ ನಾನೇ. ಸೊಂಟ ನೋವಿನ ಮಾತೆತ್ತುವುದಿಲ್ಲ. ಒಳಗಿನದನ್ನೆಲ್ಲ ತೆಗೆದು ವತ್ಸಲಾಳ ಕೈಗೆ ಕೊಟ್ಟು, ನೆಟ್ಟಗೆ ನಿಲ್ಲಿಸುವ ಮೊದಲು ಆ ಟೊಳ್ಳಿನೊಳಗೆ ಒಮ್ಮೆ ಇಣುಕಿ, ಹೆಸರು ಗೊತ್ತಿಲ್ಲದ ಆ ಬಡಗಿಯನ್ನು ನೆನೆಯುತ್ತೇನೆ. ಮೇಲಿನ ಹಲಗೆಯ ಅಳತೆಯಾಗಲಿ, ಪಕ್ಕದ ಗೋಡೆಗಳ ಅಳತೆಯಾಗಲಿ ನನಗೆ ಈಗ ಥಟ್ಟನೆ ನೆನಪಿಗೆ ಬರುವುದಿಲ್ಲ. ಇಲ್ಲದ ಆ ತಳದ ವಿಸ್ತೀರ್ಣವನ್ನು ಮಾತ್ರ, ಬೇಕಾದರೆ ಕೇಳಿ ನೋಡಿ, ದಶಾಂಶದ ಎರಡು ಸ್ಥಾನದವರೆಗೂ ಸರಿಯಾಗಿ ಹೇಳಬಲ್ಲೆ.